ಬಲಮುರಿ, ಎಡಮುರಿ

ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಮೀಟರ್ ಪಿವಿಸಿ ಪೈಪು ಕೇಳಿದರೆ ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ. ಅವರ ಪಾಲಿಗೆ ಪೈಪೆಂದರೆ ಇಪ್ಪತ್ತು ಅಡಿಯ ಲೆಂತು. ನನಗೆ ಸಿಕ್ಕಿದ್ದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಎರಡು ತುಂಡು, 40 ಎಂಎಂನವು. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 16 ಗೇಜಿನ ತಾಮ್ರದ ತಂತಿಯನ್ನು ತೂಕಕ್ಕೆ ಕೊಟ್ಟರು. ಅಲ್ಯೂಮಿನಿಯಂ ಹಾಳೆ, ಎರಡು ಎನ್-ಟೈಪ್ ಸಾಕೆಟ್ಟು, ಒಂದಿಷ್ಟು ಸಾಲ್ಡರ್. ಮನೆಯ ವೈ-ಫೈಯನ್ನು ತೋಟದಾಚೆಯ ಪಂಪ್‌ಹೌಸಿಗೆ ದಾಟಿಸುವ ನನ್ನ ಯೋಜನೆಯ ಸಾಮಾನು ಇಷ್ಟೇ. ಜೊತೆಗೆ ರಜೆಗೆ ಬಂದಿದ್ದ ಅಣ್ಣನ ಮಗ.

ಕಟ್ಟಬೇಕಿದ್ದದ್ದು ಹೆಲಿಕಲ್ ಆಂಟೆನಾ, ಅಂದರೆ ಸುರುಳಿ ಆಂಟೆನಾ. ನೋಡಲು ಉದ್ದಕ್ಕೆ ಎಳೆದ ಸ್ಪ್ರಿಂಗಿನ ಹಾಗಿರುತ್ತದೆ. ಹಿಂದೆ ಒಂದು ಲೋಹದ ತಟ್ಟೆ. ಕೈಯಲ್ಲಿ ಮಾಡಬಹುದಾದ ಆಂಟೆನಾಗಳಲ್ಲಿ ಇಷ್ಟು ಉದಾರಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಅಳತೆಯಲ್ಲಿ ಎಷ್ಟು ತಪ್ಪಿದರೂ ಕ್ಷಮಿಸುತ್ತದೆ. ಒಂದೇ ಒಂದು ವಿಷಯದಲ್ಲಿ ಮಾತ್ರ ಕ್ಷಮೆಯಿಲ್ಲ. ಆ ಒಂದು ವಿಷಯದಲ್ಲೇ ನಾವು ಎಡವಿದೆವು ಎಂಬುದು ಮುಂದಿನ ಕಥೆ.

ಮೊದಲು ಅಳತೆ. ವೈ-ಫೈ ಅಲೆಯ ಕಂಪನಾಂಕ ಸುಮಾರು 2440 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ಸಿಗುವುದು 12.3 ಸೆಂಟಿಮೀಟರ್. ಒಂದು ಅಲೆಯ ಉದ್ದ ಅಷ್ಟು. ಸುರುಳಿಯ ಒಂದು ಸುತ್ತಿನ ಅಳತೆ ಹೆಚ್ಚು ಕಡಿಮೆ ಇಷ್ಟೇ ಇರಬೇಕು. 40 ಎಂಎಂ ಪೈಪಿನ ಮೇಲೆ 1.6 ಎಂಎಂ ದಪ್ಪದ ತಂತಿ ಸುತ್ತಿದರೆ ಸುತ್ತಳತೆ 13 ಸೆಂಟಿಮೀಟರ್ ಬರುತ್ತದೆ. ನೀರಾವರಿಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಪೈಪು ರೇಡಿಯೊದವರಿಗೂ ಹೇಳಿ ಮಾಡಿಸಿದ ಹಾಗೆ ಒದಗಿದ್ದು ಬರೀ ಕಾಕತಾಳೀಯ.

ಕಾಕತಾಳೀಯ ಇಲ್ಲಿಗೇ ನಿಲ್ಲುವುದಿಲ್ಲ. ಈ ಆಂಟೆನಾ ಹುಟ್ಟಿದ್ದೂ ಸುಮಾರು ಇದೇ ಗಾತ್ರದಲ್ಲಿ. 1946ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ್ದ ಜಾನ್ ಕ್ರಾಸ್ ಒಂದು ಮಧ್ಯಾಹ್ನ ಅತಿಥಿ ವಿಜ್ಞಾನಿಯೊಬ್ಬರ ಉಪನ್ಯಾಸಕ್ಕೆ ಹೋದರು. ವಿಷಯ, ಟ್ರಾವೆಲಿಂಗ್ ವೇವ್ ಟ್ಯೂಬ್. ಅದರೊಳಗೆ ಒಂದು ಸಪೂರ ತಂತಿಸುರುಳಿ ಇರುತ್ತದೆ; ಅದು ಅಲೆಯನ್ನು ಹೊರಗೆ ಬಿಡದೆ ತನ್ನುದ್ದಕ್ಕೂ ನಡೆಸಿಕೊಂಡು ಹೋಗುತ್ತದೆ. ಉಪನ್ಯಾಸ ಮುಗಿದ ಮೇಲೆ ಕ್ರಾಸ್ ಕೇಳಿದರು: ಈ ಸುರುಳಿಯನ್ನು ಆಂಟೆನಾ ಮಾಡಬಹುದೇ? ಆಗದು, ತಾನು ಮಾಡಿ ನೋಡಿದ್ದೇನೆ ಎಂದರು ಅತಿಥಿಗಳು. ಆ ಖಡಾಖಂಡಿತ ಉತ್ತರವೇ ಕ್ರಾಸ್ ಅವರನ್ನು ಕೆಣಕಿತು. ಅಂದು ಸಂಜೆಯೇ ಮನೆಯ ನೆಲಮಾಳಿಗೆಗೆ ಇಳಿದು, ಸುತ್ತಳತೆ ಒಂದು ಅಲೆಯಷ್ಟಿರುವ ಏಳು ಸುತ್ತಿನ ಸುರುಳಿ ಸುತ್ತಿದರು. ಅವರ ಬಳಿಯಿದ್ದ ಆಸಿಲೇಟರ್ ಹೊಮ್ಮಿಸುತ್ತಿದ್ದದ್ದು 12 ಸೆಂಟಿಮೀಟರ್ ಅಲೆ. ಸುರುಳಿಯ ತೆರೆದ ತುದಿಯಿಂದ, ಟಾರ್ಚಿನ ಬೆಳಕಿನಂತೆ, ಅಲೆಗಳು ನೇರ ಮುಂದಕ್ಕೆ ಹೊರಟಿದ್ದವು. ಅತಿಥಿಗಳು ಸುಳ್ಳು ಹೇಳಿರಲಿಲ್ಲ. ಅವರ ಸುರುಳಿ ಬಹುಶಃ ಸಣ್ಣದಿತ್ತು, ಅಷ್ಟೇ.

ಐವತ್ತರ ದಶಕದ ಆರಂಭದಲ್ಲಿ ಕ್ರಾಸ್ ಇಂಥ 96 ಸುರುಳಿಗಳನ್ನು ಒಂದೇ ಚೌಕಟ್ಟಿನ ಮೇಲೆ ನಿಲ್ಲಿಸಿ ರೇಡಿಯೊ ದೂರದರ್ಶಕವನ್ನೇ ಕಟ್ಟಿದರು. ನಾವು ಎರಡಕ್ಕೇ ಹೈರಾಣಾದೆವು.

ಸುತ್ತಿಗೊಂದು ಅಲೆ ಎಂಬ ಲೆಕ್ಕ ಯಾಕೆ? ಒಂದು ಸುತ್ತನ್ನು ಗಡಿಯಾರದ ಮುಖ ಎಂದುಕೊಳ್ಳಿ. ಒಂದು ಕ್ಷಣದಲ್ಲಿ 12 ಗಂಟೆಯ ಜಾಗದಲ್ಲಿ ಕರೆಂಟು ಬಲಕ್ಕೆ ಹರಿಯುತ್ತಿದೆ. 6 ಗಂಟೆಯ ಜಾಗ ಅಲ್ಲಿಂದ ಅರ್ಧ ಅಲೆಯಷ್ಟು ದೂರ. ಹಾಗಾಗಿ ಅಲ್ಲಿ ಕರೆಂಟು ತಂತಿಯ ಮೇಲೆ ಹಿಮ್ಮುಖವಾಗಿರುತ್ತದೆ. ಆದರೆ ತಂತಿಯೂ ಅಷ್ಟರಲ್ಲಿ ಬಳಸಿ ಬಂದು ಎಡಕ್ಕೆ ಮುಖ ಮಾಡಿರುತ್ತದೆ. ತಿರುಗಿದ್ದು ಮತ್ತೊಮ್ಮೆ ತಿರುಗಿದರೆ? ಅಲ್ಲೂ ಬಲಕ್ಕೇ. ಮೇಲಿನದೂ ಕೆಳಗಿನದೂ ಒಂದೇ ಕಡೆಗೆ ಜಗ್ಗುತ್ತವೆ. ಸೆಕೆಂಡಿನ ಸಾವಿರ ಕೋಟಿ ಪಾಲಿನಲ್ಲಿ ಒಂದು ಪಾಲು ಕಳೆಯುವಷ್ಟರಲ್ಲಿ ಅಲೆಯ ಉಬ್ಬು 3 ಮತ್ತು 9 ಗಂಟೆಯ ಜಾಗಕ್ಕೆ ಸರಿದಿರುತ್ತದೆ. ಈಗ ಎರಡೂ ಕಡೆ ಕರೆಂಟು ಕೆಳಕ್ಕೆ. ಬಲಕ್ಕೆ, ಕೆಳಕ್ಕೆ, ಎಡಕ್ಕೆ, ಮೇಲಕ್ಕೆ: ಅಲೆಯ ವಿದ್ಯುತ್ ಕ್ಷೇತ್ರ ಗಿರಗಿರನೆ ಸುತ್ತುತ್ತ ಮುಂದಕ್ಕೆ ಹೋಗುತ್ತದೆ. ಇದಕ್ಕೆ ವೃತ್ತೀಯ ಧ್ರುವೀಕರಣ ಎಂದು ಹೆಸರು. ರೌಟರಿನ ಮಾಮೂಲಿ ಕಡ್ಡಿ ಆಂಟೆನಾದಿಂದ ಹೊರಡುವ ಅಲೆ ಹೀಗೆ ಸುತ್ತುವುದಿಲ್ಲ, ಹಗ್ಗ ಕುಲುಕಿದ ಹಾಗೆ ಒಂದೇ ಗೆರೆಯಲ್ಲಿ ಮೇಲೆ ಕೆಳಗೆ ಆಡುತ್ತದೆ.

ಈ ಆಂಟೆನಾದ ಔದಾರ್ಯದ ಗುಟ್ಟೂ ಸುತ್ತಿನಲ್ಲೇ ಇದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಅಲೆಯ ಕಾಲು ಭಾಗ, ಅಂದರೆ ಮೂರು ಸೆಂಟಿಮೀಟರ್ ಅಂತರ ಕೊಡುತ್ತಾರೆ. ಎಲ್ಲ ಸುತ್ತುಗಳ ಕೊಡುಗೆ ತುದಿಯಲ್ಲಿ ಒಟ್ಟಾಗಬೇಕಾದರೆ ತಂತಿಯ ಮೇಲೆ ಓಡುವ ಅಲೆ ಬೆಳಕಿಗಿಂತ ಕೊಂಚ ನಿಧಾನವಾಗಬೇಕು. ಎಷ್ಟು ನಿಧಾನವಾಗಬೇಕೋ ಹೆಚ್ಚುಕಮ್ಮಿ ಅಷ್ಟೇ ನಿಧಾನ ಅದು ತಾನಾಗಿ ಆಗುತ್ತದೆ. ಕಂಪನಾಂಕ ಬದಲಿಸಿ, ತನ್ನ ವೇಗವನ್ನೂ ಬದಲಿಸಿಕೊಳ್ಳುತ್ತದೆ. ಹೀಗಾಗಿ ಸುತ್ತಳತೆ ಅಲೆಯ ಮುಕ್ಕಾಲು ಭಾಗದಿಂದ ಒಂದೂಕಾಲು ಭಾಗದವರೆಗೆ ಎಲ್ಲಿದ್ದರೂ ಕೆಲಸ ನಡೆಯುತ್ತದೆ. ನಮ್ಮ ಪೈಪಿನ ಸುರುಳಿ ಸುಮಾರು 1700ರಿಂದ 2900 ಮೆಗಾಹರ್ಟ್ಸ್‌ವರೆಗೆ ಕೈಕೊಡುವುದಿಲ್ಲ. ಹಳೇ ಟಿವಿ ಆಂಟೆನಾದ ಕಡ್ಡಿಗಳಿಗೆ ಈ ಬಗೆಯ ಹೊಂದಾಣಿಕೆ ಗೊತ್ತಿಲ್ಲ. ಈ ಕಂಪನಾಂಕದಲ್ಲಿ ಆ ಜಾತಿಯದನ್ನು ಕಟ್ಟಹೊರಟರೆ ಒಂದು ಎಂಎಂ ತಪ್ಪಿದರೂ ರಾಗ ಕೆಡುತ್ತದೆ.

ಸುತ್ತುವ ಕೆಲಸಕ್ಕೆ ಒಂದು ಉಪಾಯ ಹೇಳುತ್ತೇನೆ. ತಳ 12.6 ಸೆಂಟಿಮೀಟರ್, ಎತ್ತರ ಮೂರು ಸೆಂಟಿಮೀಟರ್ ಇರುವ ಲಂಬಕೋನ ತ್ರಿಕೋನವನ್ನು ಕಾಗದದಲ್ಲಿ ಕತ್ತರಿಸಿ. ಪೈಪಿಗೆ ಸುತ್ತಿ. ಕಾಗದದ ಓರೆ ಅಂಚು ಪೈಪಿನ ಮೇಲೆ ಸುರುಳಿಯ ಒಂದು ಸುತ್ತಾಗಿ ಕೂರುತ್ತದೆ. ಘಾಟಿ ರಸ್ತೆ ಬೆಟ್ಟವನ್ನು ಬಳಸಿ ಏರುವ ಹಾಗೆ, ಸುರುಳಿಯೆಂದರೆ ಕಂಬಕ್ಕೆ ಸುತ್ತಿದ ಏರು. ಓರೆ ಅಂಚಿನ ಗುಂಟ ಪೆನ್ಸಿಲ್ ಗೆರೆ ಎಳೆಯಿರಿ, ಕಾಗದವನ್ನು ಮೂರು ಸೆಂಟಿಮೀಟರ್ ಮೇಲೆ ಸರಿಸಿ ಮತ್ತೆ ಎಳೆಯಿರಿ. ಹನ್ನೆರಡು ಸುತ್ತಿಗೆ ಪೈಪಿನುದ್ದ 36 ಸೆಂಟಿಮೀಟರ್, ತಂತಿ ಒಂದೂ ಮುಕ್ಕಾಲು ಮೀಟರ್ ಸಾಕು. ತಂತಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಬಲವಾಗಿ ಒಮ್ಮೆ ಜಗ್ಗಿದರೆ ಡೊಂಕೆಲ್ಲ ಹೋಗುತ್ತದೆ. ಆಮೇಲೆ ಗೆರೆಯ ಮೇಲೆ ಕೂರಿಸುತ್ತ, ಅಲ್ಲಲ್ಲಿ ಒಂದೊಂದು ತೊಟ್ಟು ಅಂಟು ಹಾಕುತ್ತ ಬನ್ನಿ. ರಿವೈಂಡಿಂಗ್ ತಂತಿಗೆ ಎನಾಮೆಲ್ ಬಳಿದಿರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆಯದೆ ಸಾಲ್ಡರ್ ಹಿಡಿಯುವುದಿಲ್ಲ. ಇದನ್ನು ನಾನು ಕಲಿತದ್ದು ಎರಡನೇ ದಿನ.

ಹಿಂದಿನ ತಟ್ಟೆಯ ಅಗಲ ಒಂದು ಅಲೆಯಷ್ಟು, 12-13 ಸೆಂಟಿಮೀಟರ್. ದುಂಡಗಿರಲಿ, ಚೌಕವಿರಲಿ, ಆಂಟೆನಾಕ್ಕೆ ಭೇದವಿಲ್ಲ. ಸಾಕೆಟ್ಟಿನ ಹೊರಮೈ ತಟ್ಟೆಗೆ, ನಡುವಿನ ಸೂಜಿ ಸುರುಳಿಯ ಬುಡಕ್ಕೆ. ಇಲ್ಲೊಂದು ತೊಡಕಿದೆ. ಸುರುಳಿ ತನ್ನ ಬಾಯಲ್ಲಿ ತೋರುವ ತಡೆ ಸುಮಾರು 150 ಓಮ್, ಕೇಬಲ್ಲಿನದು 50. ಹಾಗೇ ಜೋಡಿಸಿದರೆ ನೂರರಲ್ಲಿ ಇಪ್ಪತ್ತೈದು ಪಾಲು ಶಕ್ತಿ ಬಾಗಿಲಿನಿಂದಲೇ ವಾಪಸು. ಮೊದಲ ಕಾಲು ಸುತ್ತಿನ ತಂತಿಗೆ ತಾಮ್ರದ ಹಾಳೆಯ ಒಂದು ಪಟ್ಟಿಯನ್ನು ಬೆಸೆದು, ಅದು ತಟ್ಟೆಗೆ ಹತ್ತಿರದಲ್ಲಿ ಶುರುವಾಗಿ ಮೆಲ್ಲಗೆ ಮೇಲೇಳುವಂತೆ ಮಾಡಿದರೆ ಈ ನಷ್ಟ ಬಹುಪಾಲು ತಪ್ಪುತ್ತದೆ. ಕೇಬಲ್ಲನ್ನು ಆದಷ್ಟು ಗಿಡ್ಡ ಇಡಿ. ಆರ್‌ಜಿ-58 ಜಾತಿಯ ಸಣ್ಣ ಕೇಬಲ್ ಮೂರು ಮೀಟರ್ ಎಳೆದರೆ ಈ ಕಂಪನಾಂಕದಲ್ಲಿ ಹೆಚ್ಚುಕಮ್ಮಿ ಅರ್ಧ ಶಕ್ತಿ ಕೇಬಲ್ಲಿಗೇ ನೈವೇದ್ಯ.

ಇಷ್ಟೆಲ್ಲ ಮಾಡಿದರೆ ಎಷ್ಟು ಲಾಭ? ಕ್ರಾಸ್ ಕೊಟ್ಟ ಸೂತ್ರದಲ್ಲಿ ನಮ್ಮ ಅಳತೆ ಹಾಕಿದರೆ, ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುವ ಆಂಟೆನಾಕ್ಕಿಂತ ಐವತ್ತು ಪಟ್ಟು ಎನ್ನುತ್ತದೆ. ಅದು ಜಾಸ್ತಿಯಾಯಿತು. 1980ರಲ್ಲಿ ಕಿಂಗ್ ಮತ್ತು ವಾಂಗ್ ಎಂಬಿಬ್ಬರು ಉದ್ದುದ್ದ ಸುರುಳಿಗಳನ್ನು ಕಟ್ಟಿ ಅಳೆದಾಗ ಸೂತ್ರ ಹೇಳಿದಷ್ಟು ಸಿಗಲಿಲ್ಲ. ಆಮೇಲೆ ರೇಡಿಯೊ ಖಗೋಳಜ್ಞ ಡ್ಯಾರೆಲ್ ಎಮರ್ಸನ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗಲೂ ಅದೇ ಮಾತು. ನಮ್ಮದಕ್ಕೆ ಇಪ್ಪತ್ತು ಪಟ್ಟು ಎಂದುಕೊಳ್ಳುವುದು ಪ್ರಾಮಾಣಿಕ. ಪುಸ್ತಕದಿಂದ ಪುಸ್ತಕಕ್ಕೆ ಹಳೆಯ ಸೂತ್ರವೇ ಇಳಿದು ಬರುತ್ತಿದೆ. ಆಂಟೆನಾ ಮಾರುವವರಿಗೂ ಅದೇ ಹಿತ. ವೈ-ಫೈ ಪಟ್ಟಿಗೆ ನಮ್ಮಲ್ಲಿ ಲೈಸೆನ್ಸ್ ಬೇಡವಾದರೂ ಎಷ್ಟು ಶಕ್ತಿ ಹೊಮ್ಮಿಸಬಹುದು ಎಂಬುದಕ್ಕೆ ಮಿತಿಯಿದೆ. ಆಂಟೆನಾ ಚುರುಕಾದಷ್ಟೂ ರೌಟರಿನ ಶಕ್ತಿಯನ್ನು ತಗ್ಗಿಸಬೇಕು.

ಚಂದ್ರನ ಮೇಲೂ ನಮ್ಮ ಪೈಪಿನಷ್ಟೇ ದಪ್ಪದ ಸುರುಳಿಗಳಿವೆ. 1969ರ ನವೆಂಬರಿನಲ್ಲಿ ಅಪೊಲೊ 12ರ ಗಗನಯಾತ್ರಿಗಳು ಅಲ್ಲಿ ಬಿಟ್ಟುಬಂದ ಉಪಕರಣಗಳ ನಡುವೆ, ಭೂಮಿಯ ಕಡೆ ಬೆರಳು ಮಾಡಿದ ಹಾಗೆ ಒಂದು ಕೋಲು ನಿಂತಿತ್ತು. ಸುಮಾರು 58 ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರಿಗೆ ತುಸು ಕಮ್ಮಿ ವ್ಯಾಸ, ಮೈಗೆ ತಾಮ್ರದ ಸುರುಳಿ. ಚಂದ್ರನ ಆಕಾಶದಲ್ಲಿ ಭೂಮಿ ಉದಯಾಸ್ತವಿಲ್ಲದೆ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುವುದರಿಂದ, ಒಮ್ಮೆ ಕೈಯಿಂದ ಗುರಿ ಹಿಡಿದು ಬಿಟ್ಟರೆ ಸಾಕಿತ್ತು. ನಂತರದ ಅಪೊಲೊ ಯಾನಗಳೂ ಇಂಥವನ್ನು ನಿಲ್ಲಿಸಿದವು. 1977ರ ಸೆಪ್ಟೆಂಬರ್ 30ರಂದು ಭೂಮಿಯಿಂದಲೇ ಸಂಜ್ಞೆ ಕಳಿಸಿ ಆ ಕೇಂದ್ರಗಳನ್ನು ಆರಿಸಿದರು.

ಪಂಪ್‌ಹೌಸಿಗೆ ಒಯ್ಯುವ ಮೊದಲು ಅಂಗಳದಲ್ಲಿ ಪರೀಕ್ಷೆ. ಒಂದು ಸುರುಳಿ ಜಗಲಿಯಲ್ಲಿ, ಇನ್ನೊಂದು ಅಂಗಳದ ಆಚೆ ತುದಿಯಲ್ಲಿ, ಒಂದಕ್ಕೊಂದು ಎದುರುಬದುರು. ಹಳೇ ಕಡ್ಡಿ ಆಂಟೆನಾ ಹಾಕಿದಾಗ ಇದ್ದಷ್ಟೂ ಸಿಗ್ನಲ್ ಇಲ್ಲ! ಸಾಲ್ಡರ್ ನೋಡಿದೆವು, ಕೇಬಲ್ ಬದಲಿಸಿದೆವು. ಒಂದು ಸುರುಳಿಯನ್ನು ತೆಗೆದು ಕಡ್ಡಿ ಹಾಕಿದರೆ ಸಿಗ್ನಲ್ ಏರುತ್ತದೆ. ಎರಡೂ ಬೇರೆಬೇರೆಯಾಗಿ ಸರಿ, ಒಟ್ಟಿಗೆ ಇಟ್ಟರೆ ಮಾತಿಲ್ಲ. ದಾಯಾದಿಗಳ ಹಾಗೆ.

ಸಂಜೆ ಕಾಫಿ ಕುಡಿಯುತ್ತ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದಾಗ ಕಣ್ಣಿಗೆ ಬಿತ್ತು. ನಾನು ಸುತ್ತಿದ್ದರಲ್ಲಿ ತಂತಿ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತಿತ್ತು, ಅಂಗಡಿಯಲ್ಲಿ ಸಿಗುವ ಯಾವುದೇ ಬೋಲ್ಟಿನ ತ್ರೆಡ್ಡಿನ ಹಾಗೆ. ಹುಡುಗನದರಲ್ಲಿ ಬಲದಿಂದ ಎಡಕ್ಕೆ. ನನ್ನೆದುರು ಕೂತು, ನನ್ನ ಕೈ ನೋಡಿಕೊಂಡು, ಕನ್ನಡಿಯಂತೆ ಸುತ್ತಿದ್ದ.

"ಅಷ್ಟೇನಾ ಚಿಕ್ಕಪ್ಪ? ತಟ್ಟೆ ಬಿಚ್ಚಿ ಆ ಕಡೆ ತುದಿಗೆ ಹಾಕಿದ್ರೆ ಆಯ್ತು. ತಲೆಕೆಳಗಾದ್ರೆ ಸರಿಹೋಗುತ್ತಲ್ಲ?"

"ಒಂದು ಬೋಲ್ಟ್ ತಗೊಂಡು ತಲೆಕೆಳಗು ಮಾಡಿ ನೋಡು."

ನೋಡಿದ. ತ್ರೆಡ್ಡು ಎತ್ತ ಓರೆಯಿತ್ತೋ ಅತ್ತಲೇ ಇತ್ತು. ಸುರುಳಿಯನ್ನು ಹೇಗೆ ಮಗುಚಿದರೂ ಅದರ ಮುರಿ ಬದಲಾಗದು. ಬದಲಾಗುವುದು ಕನ್ನಡಿಯಲ್ಲಿ ಮಾತ್ರ. ಎದುರುಬದುರು ನಿಂತ ಎರಡು ಸುರುಳಿಗಳು ಒಂದೇ ಮುರಿಯವಾಗಿರಬೇಕು ಎಂಬುದಕ್ಕೂ ಬೋಲ್ಟೇ ಸಾಕ್ಷಿ: ನಟ್ಟನ್ನು ಯಾವ ಮುಖದಿಂದ ಹಾಕಿದರೂ ಕೂರುತ್ತದೆ, ಎಡ ತ್ರೆಡ್ಡಿನ ನಟ್ಟು ಮಾತ್ರ ಹೇಗೆ ಹಾಕಿದರೂ ಕೂರದು. ಬಲಮುರಿ ಸುರುಳಿಯಿಂದ ಬಲಮುರಿ ಅಲೆ ಹೊರಡುತ್ತದೆ. ಎಡಮುರಿ ಸುರುಳಿಗೆ ಅದು ಬಹುಪಾಲು ಕಾಣುವುದೇ ಇಲ್ಲ. ನಮ್ಮ ಅಂಗಳದ ಲೆಕ್ಕದಲ್ಲಿ ಸಿಗ್ನಲ್ ಸುಮಾರು ನೂರನೇ ಒಂದು ಪಾಲಿಗೆ ಇಳಿದಿತ್ತು. ಕಡ್ಡಿ ಆಂಟೆನಾದ ನೇರ ಅಲೆ ಎಡ ಬಲ ಎರಡರ ಸಮಪಾಲು ಬೆರಕೆ ಇದ್ದ ಹಾಗೆ. ಯಾವ ಸುರುಳಿಗಾದರೂ ಅದರಲ್ಲಿ ಅರ್ಧ ಸಿಕ್ಕೇ ಸಿಗುತ್ತದೆ. ಅದಕ್ಕೇ ಒಂದೊಂದಾಗಿ ನೋಡಿದಾಗ ಎರಡೂ ಸಾಚಾ ಅನ್ನಿಸಿದ್ದು.

ಬಲ ಯಾವುದು, ಎಡ ಯಾವುದು ಎಂಬ ಜಗಳ ನಮ್ಮ ಅಂಗಳಕ್ಕೆ ಸೀಮಿತವಲ್ಲ. ಎಂಜಿನಿಯರುಗಳು ದೂರ ಸಾಗುವ ಅಲೆಯ ಬೆನ್ನಿಗೆ ನಿಂತು ನೋಡಿ, ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಬಲ ಎನ್ನುತ್ತಾರೆ. ಬೆಳಕಿನ ವಿಜ್ಞಾನದ ಹಳೆಯ ಪುಸ್ತಕಗಳು ಅಲೆಗೆ ಎದುರಾಗಿ ನಿಂತು ನೋಡಿದವು; ಅದೇ ಅಲೆ ಅಲ್ಲಿ ಎಡ. ಶಂಖದ ವಿಷಯದಲ್ಲೂ ಇದೇ ಪಾಡು. ದೇವರ ಮನೆಯಲ್ಲಿಡುವ, ಅಪರೂಪಕ್ಕೆ ಸಿಗುವ ಬಲಮುರಿ ಶಂಖವನ್ನು ಜೀವಶಾಸ್ತ್ರಜ್ಞರು ಎಡಮುರಿ ಎನ್ನುತ್ತಾರೆ. ಅವರು ಚೂಪು ಶಿಖರವನ್ನು ಮೇಲಿಟ್ಟು ನೋಡುತ್ತಾರೆ, ನಾವು ಬಾಯಿಯ ಕಡೆಯಿಂದ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಮೇಲೆ ಬಲಮುರಿ, ಎಡಮುರಿ ಎಂಬ ಎರಡು ಜಾಗಗಳೇ ಇವೆ. ಅಲ್ಲಿಯೂ ಯಾವ ದಡದಲ್ಲಿ, ಯಾವ ಕಡೆ ಮುಖ ಮಾಡಿ ನಿಂತು ಹೇಳಿದ್ದು ಎಂದು ಕೇಳಬೇಕಾಗುತ್ತದೆ. ನಿಮ್ಮ ಸುರುಳಿಗೆ ಸುಲಭದ ದಾರಿಯೆಂದರೆ ಜೇಬಿನಲ್ಲೊಂದು ಬೋಲ್ಟ್ ಇಟ್ಟುಕೊಳ್ಳುವುದು.

ತಿರುಚಿದ ವಸ್ತುವಿಗೂ ರೇಡಿಯೊ ಅಲೆಯ ಮುರಿಗೂ ಇರುವ ಸಂಬಂಧವನ್ನು ನಮ್ಮ ದೇಶದಲ್ಲೇ ಒಬ್ಬರು ಬಹಳ ಹಿಂದೆ ಮುಟ್ಟಿದ್ದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಕಿರು ಅಲೆಗಳ ದಾರಿಯಲ್ಲಿ ಸೆಣಬಿನ ನಾರನ್ನು ಹಗ್ಗದಂತೆ ಹೊಸೆದು ಇಟ್ಟು ನೋಡಿದರು. ಒಂದು ಕಡೆಗೆ ಹೊಸೆದ ಕಂತೆ ಅಲೆಯ ಧ್ರುವೀಕರಣವನ್ನು ಒಂದು ಕಡೆಗೆ ತಿರುಗಿಸಿತು, ಉಲ್ಟಾ ಹೊಸೆದದ್ದು ಇನ್ನೊಂದು ಕಡೆಗೆ. ಸಕ್ಕರೆ ಪಾಕದೊಳಗೆ ಬೆಳಕಿಗೆ ಆಗುವುದನ್ನು ಸೆಣಬಿನ ಕಂತೆಯಲ್ಲಿ ದೊಡ್ಡದು ಮಾಡಿ ತೋರಿಸಿದ್ದರು. ಅದು 1898. ಕ್ರಾಸ್ ಆಗಿನ್ನೂ ಹುಟ್ಟಿರಲಿಲ್ಲ. ಬಂಗಾಳದಲ್ಲಿ ಸೆಣಬಿಗಿಂತ ಅಗ್ಗದ ಪ್ರಯೋಗ ಸಾಮಗ್ರಿ ಬೇರೆ ಏನು ಸಿಗಬೇಕು?

ಹುಡುಗ ಸುಮ್ಮನಿರುವವನಲ್ಲ. ಕನ್ನಡಿಯಲ್ಲಿ ಬದಲಾಗುತ್ತದೆ ಎಂದೆನಲ್ಲ, ಅದನ್ನು ಹಿಡಿದುಕೊಂಡ. ಎರಡೂ ಸುರುಳಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಕೊಟ್ಟಿಗೆಯ ಮಾಡಿನಿಂದ ಉಳಿದಿದ್ದ ಜಿಂಕ್ ಶೀಟನ್ನು ಎದುರಿಗೆ ಹಿಡಿದ. ಮಾತಾಡದಿದ್ದ ಎರಡು ಆಂಟೆನಾಗಳೂ ಮಾತಾಡಿದವು. ಲೋಹಕ್ಕೆ ಬಡಿದು ಹಿಂತಿರುಗಿದ ಅಲೆ ಮುರಿ ಬದಲಿಸಿಕೊಳ್ಳುತ್ತದೆ: ಕ್ಷೇತ್ರ ಸುತ್ತುವ ಬಗೆ ಹಾಗೇ ಇದ್ದು, ಸಾಗುವ ದಿಕ್ಕು ಮಾತ್ರ ತಿರುವುಮುರುವಾದ್ದರಿಂದ ಬಲ ಎಡವಾಗುತ್ತದೆ. ಫೋನಿನ ಜಿಪಿಎಸ್‌ಗೂ ನಮ್ಮ ನಾವಿಕ್‌ಗೂ ಉಪಗ್ರಹದಿಂದ ಬರುವುದು ಬಲಮುರಿ ಅಲೆಯೇ. ಎತ್ತರದ ಕಟ್ಟಡಕ್ಕೆ ಬಡಿದು ಬರುವ ಸಂಕೇತ ಬಹುಪಾಲು ಎಡವಾಗಿರುತ್ತದೆ, ಸರ್ವೇಯವರ ಒಳ್ಳೆಯ ಆಂಟೆನಾಗಳು ಅದನ್ನು ಹಾಗೇ ತಳ್ಳಿಬಿಡುತ್ತವೆ. ಜಿಪಿಎಸ್ ಉಪಗ್ರಹಗಳ ಹೊಟ್ಟೆಯಲ್ಲಿರುವುದೂ ಹನ್ನೆರಡು ಸುರುಳಿಗಳ ಗುಂಪು. ನಾವಿಕ್ ಸಂಕೇತಗಳಲ್ಲೊಂದು 2492 ಮೆಗಾಹರ್ಟ್ಸ್‌ನಲ್ಲಿದೆ, ವೈ-ಫೈ ಪಟ್ಟಿ ಮುಗಿದಲ್ಲಿಂದ ಒಂದು ಹೆಜ್ಜೆ ಆಚೆ. ಹಾಸನದಿಂದ ನಿಯಂತ್ರಣವಾಗುವ ಆ ಉಪಗ್ರಹಗಳ ಅಲೆ ನಮ್ಮ ಪೈಪಿನ ಮೇಲೂ ಸದಾ ಬೀಳುತ್ತಿರುತ್ತದೆ. ಆದರೆ ಗದ್ದಲಕ್ಕಿಂತ ಎಷ್ಟೋ ಕೆಳಗೆ ಅಡಗಿರುವ ಅದನ್ನು ಹೆಕ್ಕಲು ಅದರದೇ ಸಂಕೇತದ ನಕ್ಷೆ ಬೇಕು.

ಉಪಗ್ರಹದವರು ಈ ಸುತ್ತುವ ಅಲೆಗೆ ಯಾಕೆ ಒಲಿದರು ಎಂಬುದು ಊಹಿಸಬಹುದಾದದ್ದೇ. ಉಪಗ್ರಹ ಆಕಾಶದಲ್ಲಿ ಹೊರಳುತ್ತಿದ್ದರೆ ನೇರ ಅಲೆಯ ಗೆರೆ ಒಮ್ಮೆ ಅಡ್ಡ, ಒಮ್ಮೆ ಉದ್ದ ಆಗುತ್ತದೆ. ಕೆಳ ಕಂಪನಾಂಕಗಳಲ್ಲಿ ಅಯಾನುಗೋಳವೂ ಆ ಗೆರೆಯನ್ನು ತಿರುಚುತ್ತದೆ. ಸುತ್ತುವ ಅಲೆಗೆ ಅಡ್ಡ ಉದ್ದಗಳ ಹಂಗಿಲ್ಲ.

ಮಾರನೆಯ ದಿನ ಹುಡುಗ ಹೊಸ ತಂತಿಯಲ್ಲಿ ಬಲಮುರಿಯೇ ಸುತ್ತಿದ, ಈ ಸಲ ನನ್ನ ಪಕ್ಕದಲ್ಲಿ ಕೂತು. ಪಂಪ್‌ಹೌಸಿಗೆ ವೈ-ಫೈ ಬಂತು. ಮಳೆ ಬಂದು ಅಡಿಕೆ ಸೋಗೆ ನೆನೆದಾಗ ಕುಂಟುತ್ತದೆ. ನೀರು ಈ ಅಲೆಯನ್ನು ಕುಡಿಯುತ್ತದೆ, ಅದಕ್ಕೆ ಸುರುಳಿ ಏನೂ ಮಾಡಲಾರದು. ದೋಟಿ ತಂದು ದಾರಿಗಡ್ಡ ಬರುವ ಎರಡು ಸೋಗೆ ಎಳೆದು ಹಾಕಿದೆವು.

ಎಡಮುರಿಯದನ್ನು ಬಿಚ್ಚೋಣವೆಂದರೆ ಹುಡುಗ ಬಿಡಲಿಲ್ಲ. ಅದಕ್ಕೂ ಒಂದು ನೌಕರಿ ಇದೆ ಎಂದು ಪತ್ತೆ ಮಾಡಿಕೊಂಡಿದ್ದ. 2018ರ ನವೆಂಬರಿನಲ್ಲಿ ಹಾರಿದ ಕತಾರ್ ದೇಶದ ಎಸ್‌ಹೇಲ್-2 ಭೂಸ್ಥಿರ ಉಪಗ್ರಹದಲ್ಲಿ ಹವ್ಯಾಸಿ ರೇಡಿಯೊದವರಿಗೆಂದೇ ಒಂದು ಟ್ರಾನ್ಸ್‌ಪಾಂಡರ್ ಇದೆ. ನಮ್ಮಲ್ಲಿಂದ ಪಡುವಣ ಆಕಾಶದಲ್ಲಿ ಅದು ಕಾಣುವ ಹಾಗಿದೆ. ಅದಕ್ಕೆ 2400 ಮೆಗಾಹರ್ಟ್ಸ್‌ನಲ್ಲಿ ಬಲಮುರಿ ಅಲೆ ಕಳಿಸಬೇಕು. ಹಳೇ ಡಿಟಿಎಚ್ ಡಿಶ್ಶಿನ ಎದುರು ಸುರುಳಿ ನಿಲ್ಲಿಸಿದರೆ, ಡಿಶ್ಶಿಗೆ ಬಡಿದ ಅಲೆ ಮುರಿ ಬದಲಿಸುತ್ತದೆ. ಹಾಗಾಗಿ ಅಲ್ಲಿ ಬೇಕಾದದ್ದು ಎಡಮುರಿ ಸುರುಳಿಯೇ, ಹನ್ನೆರಡರ ಬದಲು ನಾಲ್ಕೈದು ಸುತ್ತು ಸಾಕು. ಕಳಿಸಲು ಮಾತ್ರ ಹ್ಯಾಮ್ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಇದೆ. ಪುಸ್ತಕ ತರಿಸಿಕೊಂಡಿದ್ದಾನೆ. ಸುರುಳಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ "ಎಡ" ಎಂದು ಬರೆದು, ಹಳೇ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಹೋದ. ಯಾವ ಕಡೆಯಿಂದ ನೋಡಿದ ಎಡ ಎಂಬುದನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾನೆ.